ಅಣ್ಣನ ಪಿಸ್ತೂಲು, ಮೂರು ಬಗೆಯ ಗುಂಡು

ಆ ಕಾರ್ಡಿನಲ್ಲಿ ತೂತುಗಳು ಕೆಳಗೆ, ಎಡಕ್ಕೆ ಬಿದ್ದಿದ್ದವು ಎಂದು ನಾನು ಬಹಳ ದಿನ ಎಲ್ಲರಿಗೂ ಹೇಳುತ್ತಿದ್ದೆ. ಅದು ನನ್ನ ಅಣ್ಣ ಹೊಡೆದ ಕೊನೆಯ ಪಂದ್ಯದ ಗುರಿಯ ಕಾರ್ಡು. ಕಲಬುರಗಿಯ ಸೂಪರ್ ಮಾರ್ಕೆಟ್ ಹಿಂದಿನ ಒಂದು ಕಟ್ಟಡದ ಮೇಲಂತಸ್ತಿನಲ್ಲಿ ಏರ್ ಪಿಸ್ತೂಲ್ ಹೊಡೆಯುವ ರೇಂಜ್ ಇತ್ತು. ಬ್ಯಾಂಕಿನ ಕೆಲಸ ಮುಗಿಸಿ ಅಣ್ಣ ಸಂಜೆ ಅಲ್ಲಿಗೆ ಹೋಗುತ್ತಿದ್ದ. ಪಂದ್ಯವೆಂದರೆ ದೊಡ್ಡದೇನಲ್ಲ, ಅಲ್ಲಿಗೆ ಬರುವವರು ತಮ್ಮ ತಮ್ಮಲ್ಲೇ ಇಟ್ಟುಕೊಂಡದ್ದು. ಅವನು ಸಾಮಾನ್ಯವಾಗಿ ಗೆಲ್ಲುತ್ತಿದ್ದ. ಆ ಸಲ ಗುಂಡುಗಳು ಕಪ್ಪು ವೃತ್ತವನ್ನು ಬಿಟ್ಟು ಹೊರಗೆ ಚದುರಿದವು.

ಈಗ ಬರೆಯಲು ಕೂತಾಗ ಕಾಣುತ್ತಿರುವುದು ಬೇರೆ. ಆ ಕಾರ್ಡನ್ನು ನಾನು ನೋಡಿಯೇ ಇಲ್ಲದಿರಬಹುದು. ಬಲಗೈಯವರು ಟ್ರಿಗರನ್ನು ಒಮ್ಮೆಲೆ ಜಗ್ಗಿದರೆ ಗುಂಡು ಕೆಳಗೆ ಎಡಕ್ಕೆ ಹೋಗುತ್ತದೆ ಎಂದು ತೋರಿಸುವ ಚಿತ್ರವೊಂದನ್ನು ರೇಂಜಿನ ಗೋಡೆಗೆ ಅಂಟಿಸಿದ್ದರು. ಅಣ್ಣನನ್ನು ಕಾಯುತ್ತ ನಿಂತಾಗಲೆಲ್ಲ ನಾನು ನೋಡುತ್ತಿದ್ದದ್ದು ಅದನ್ನೇ. ಆ ಚಿತ್ರದ ತೂತುಗಳು ನನಗೆ ತಿಳಿಯದಂತೆ ಅಣ್ಣನ ಕಾರ್ಡಿಗೆ ಬಂದು ಕೂತಿವೆ. ಅಣ್ಣನ ಹೆಂಡತಿ, ನನ್ನ ವೈನಿಯನ್ನು ಕೇಳಿದರೆ ಅವು ಮೇಲಕ್ಕೆ ಬಿದ್ದಿದ್ದವು ಎನ್ನುತ್ತಾರೆ. ಅವರೂ ನೋಡಿರಲಿಕ್ಕಿಲ್ಲ.

ನಮ್ಮಿಬ್ಬರಿಗೂ ಒಂದೇ ರೀತಿ ನೆನಪಿರುವುದು ಒಂದು ಮಾತು ಮಾತ್ರ. ಆ ಸಂಜೆ ಮನೆಗೆ ಬಂದ ಅಣ್ಣ ಚಪ್ಪಲಿ ಬಿಡುತ್ತ ಹೇಳಿದ: "ಪೆಲೆಟ್ ಸುಮಾರ ಅದಾವ. ಹೊಸ ಡಬ್ಬಿ ಒಡದಿದ್ದೆ, ಅದರಿಂದ ಕೆಟ್ಟತು."

ಅಣ್ಣ ನಗುತ್ತ ಹೇಳಿದ ಎಂದು ವೈನಿ ಹೇಳುತ್ತಾರೆ. ನನ್ನ ನೆನಪಿನಲ್ಲಿ ಅವನು ನಗಲಿಲ್ಲ.

ಕೆಲವು ತಿಂಗಳುಗಳ ನಂತರ ಅವನ ಬಲಗೈ ತುತ್ತು ಎತ್ತಲಾರದಾಯಿತು. ಮೆದುಳಿನಲ್ಲಿ ಗಡ್ಡೆ. ಹೈದರಾಬಾದಿನ ಆಸ್ಪತ್ರೆಯ ವೈದ್ಯರು ಫಿಲಂಗಳನ್ನು ಬೆಳಕಿಗೆ ಹಿಡಿದು ನೋಡುತ್ತ, ಕೈಯಲ್ಲಿ ಏನಾದರೂ ವ್ಯತ್ಯಾಸ ಮುಂಚೆಯೇ ಕಂಡಿತ್ತೇ ಎಂದು ವೈನಿಯನ್ನು ಕೇಳಿದರು. ಕಂಡಿರಲಿಲ್ಲ ಎಂದು ವೈನಿ ಹೇಳಿದರು. ವೈದ್ಯರು ತಲೆಯಾಡಿಸಿ ಅದನ್ನು ಬರೆದುಕೊಂಡರು. ಅಣ್ಣ ಹೋದ. ಆದರೆ ಆ ಪ್ರಶ್ನೆಗೆ ಕೊಟ್ಟ ಉತ್ತರ ವೈನಿಯ ಬಳಿ ಉಳಿದುಕೊಂಡಿತು.

ಅಣ್ಣ ಹೋದ ಮೇಲೆ ವೈನಿ ಕಮಲಾಪುರದ ತವರಿಗೆ ಹೋಗಿ, ಅಲ್ಲಿಂದಲೇ ದಿನಾ ಬಸ್ಸಿನಲ್ಲಿ ಕಲಬುರಗಿಯ ಶಾಲೆಗೆ ಪಾಠ ಮಾಡಲು ಬರುತ್ತಿದ್ದರು. ಒಂದು ದಿನ ಫೋನ್ ಮಾಡಿದರು.

"ಒಂದು ಕೇಳ್ತೀನಿ, ನಗಬ್ಯಾಡ್ರಿ."

"ಹೇಳ್ರಿ ವೈನಿ."

"ಯಾರೂ ಹಿಡೀಲಾರದ ಆ ಪಿಸ್ತೂಲ್ ಹೊಡೀಲಿಕ್ಕೆ ಬರ್ತದೇನು? ಕೈ ಹಚ್ಚಲಾರದ?"

ಅವರು ಏನು ಕೇಳುತ್ತಿದ್ದಾರೆ ಎಂದು ನನಗೆ ತಕ್ಷಣ ತಿಳಿಯಿತು. ಪಿಸ್ತೂಲನ್ನು ವರ್ಕ್‌ಶಾಪಿನ ವೈಸಿಗೆ, ಆ ಕಬ್ಬಿಣದ ದವಡೆಗೆ ಕಚ್ಚಿಸಿ ಹೊಡೆದರೆ ಕೈಯ ತಪ್ಪು ಲೆಕ್ಕದಿಂದ ಹೊರಗೆ ಹೋಗುತ್ತದೆ. ಉಳಿಯುವುದು ಪಿಸ್ತೂಲು ಮತ್ತು ಗುಂಡು. ಯಾವ ಗುಂಡು ಯಾವ ಪಿಸ್ತೂಲಿಗೆ ಹೊಂದುತ್ತದೆ ಎಂದು ಹೊಡೆಯುವವರು ನೋಡುವುದೇ ಹೀಗೆ. ಹೊಂದದ ಗುಂಡು ಚದುರುತ್ತದೆ. ಅಣ್ಣ ದೂರಿದ ಗುಂಡು ವೈಸಿನಲ್ಲೂ ಚದುರಿದರೆ, ಪಂದ್ಯದ ದಿನ ಅವನ ಕೈ ಚೆನ್ನಾಗಿಯೇ ಇತ್ತು, ವೈನಿ ವೈದ್ಯರಿಗೆ ಹೇಳಿದ್ದು ನಿಜ. ಚದುರದಿದ್ದರೆ ಆ ದಿನವೇ ಕೈ ಕೆಟ್ಟಿತ್ತು, ಅದೇ ಮನೆಯಲ್ಲಿ ಅದೇ ಕೈಗೆ ಊಟ ಬಡಿಸುತ್ತ ಅವರು ಅದನ್ನು ಕಾಣಲಿಲ್ಲ.

"ಬರ್ತದ್ರಿ," ಎಂದೆ. ಬರುವುದಿಲ್ಲ ಎನ್ನಬಹುದಿತ್ತು.

ಕಮಲಾಪುರಕ್ಕೆ ಹೋದೆ. ವೈನಿ ಅಲಮಾರಿಯಿಂದ ಪಿಸ್ತೂಲಿನ ಪೆಟ್ಟಿಗೆ ತೆಗೆದರು. ಹಿಂದೆಯೇ ಒಂದು ಸ್ಟೀಲ್ ಡಬ್ಬಿ ತಂದು ನನ್ನ ಮುಂದಿಟ್ಟರು. ಅಲುಗಿಸಿದರೆ ಒಳಗೆ ಜೋಳ ತುಂಬಿದ ಸದ್ದು. ಮುಚ್ಚಳ ತೆಗೆದು ನೋಡಿದೆ. ಅಣ್ಣನ ಎಲ್ಲ ಪೆಲೆಟ್‌ಗಳೂ, ಆ ಪುಟ್ಟ ಗುಂಡುಗಳೆಲ್ಲ, ಒಂದರಲ್ಲೇ ಇದ್ದವು.

"ಅವ್ರ ದಿನಕರ್ಮ ಮಾಡೂಕಿಂತ ಮೊದಲ ಮನಿ ತೊಳದೆವಲ್ರಿ," ವೈನಿ ಹೇಳಿದರು. "ಎಲ್ಲಾ ಡಬ್ಬಿ ಅರ್ಧರ್ಧ ಇದ್ದವು. ಅರ್ಧರ್ಧ ಯಾಕ ಅಂತ ಒಂದರಾಗ ಸುರುವಿದೆ."

ನಮ್ಮ ಮನೆಗಳಲ್ಲಿ ಅರ್ಧ ಡಬ್ಬಿಯನ್ನು ಯಾರೂ ಸಹಿಸುವುದಿಲ್ಲ. ಅರ್ಧ ಸಕ್ಕರೆಯ ಮೇಲೆ ಹೊಸ ಸಕ್ಕರೆ ಬೀಳುತ್ತದೆ, ಹಳೆಯ ಬೇಳೆಯ ಮೇಲೆ ಹೊಸ ಬೇಳೆ. ಖಾಲಿಯಾದ ಆ ಚಿಕ್ಕ ತಗಡಿನ ಡಬ್ಬಿಗಳಲ್ಲಿ ಈಗ ಹುಕ್ಕು, ಪಿನ್ನು ಇದ್ದವು. ಹೊಸದು ಯಾವುದು, ಹಳೆಯದು ಯಾವುದು, ಅಣ್ಣ ದೂರಿದ್ದು ಯಾವುದನ್ನು ಎಂದು ಹೇಳುವ ಗುರುತೆಲ್ಲ ಆ ಡಬ್ಬಿಗಳ ಮುಚ್ಚಳದ ಮೇಲಿತ್ತು. ಗುಂಡಿನ ಮೇಲೆ ಏನೂ ಬರೆದಿರುವುದಿಲ್ಲ.

ವೈನಿಯ ತಾಯಿ ಒಳಗಿನಿಂದ ಮೊರ ತಂದರು. ತಾಯಿ ಮಗಳಿಬ್ಬರೂ ನೆಲದ ಮೇಲೆ ಕೂತು ಡಬ್ಬಿಯನ್ನು ಮೊರಕ್ಕೆ ಸುರಿದರು. ತೊಗರಿ ಬೇಳೆಯಲ್ಲಿ ಹರಳು ಆರಿಸುವ ಕೈಗಳು ಅವು. ಏನು ನೋಡಬೇಕೆಂದು ಒಮ್ಮೆ ತಿಳಿದರೆ ಸಾಕು, ಕಣ್ಣಿಗಿಂತ ಮುಂದೆ ಓಡುತ್ತವೆ. ಮೂರು ಬಗೆ ಸಿಕ್ಕವು. ತಲೆ ದುಂಡಗಿದ್ದವು ಒಂದು. ಉಳಿದ ಎರಡರ ತಲೆ ಚಪ್ಪಟೆ. ಅವುಗಳಲ್ಲಿ ಕೆಲವಕ್ಕೆ ಹಿಂಭಾಗದ ಅಂಚಿನ ಸುತ್ತ ಸಣ್ಣ ಗೀರುಗಳಿದ್ದವು, ಕೆಲವು ನುಣ್ಣಗಿದ್ದವು.

"ಇದೆಂಥ ಬ್ಯಾಳಿ ತಮ್ಮಾ," ವೈನಿಯ ತಾಯಿ ನನ್ನತ್ತ ನೋಡದೆ ಹೇಳಿದರು. "ಕುದಿಯೂದಿಲ್ಲ, ಬೇಯೂದಿಲ್ಲ. ಇದನ್ನ ತಿಂದ ಬದುಕಿದ್ರು ನೋಡು ನಮ್ಮ ಅಳಿಯಂದಿರು."

"ಸುಮ್ ಆರಸು ಯವ್ವ," ಎಂದರು ವೈನಿ.

ಆರಿಸಿದ್ದನ್ನು ನಾನು ಕನ್ನಡಿಯ ಮೇಲೆ ಉರುಳಿಸಿದೆ. ಸರಿಯಿದ್ದ ಗುಂಡು ಬಿಲ್ಲಿನಂತೆ ಸ್ವಲ್ಪ ಬಾಗಿಕೊಂಡು ಸಲೀಸಾಗಿ ಉರುಳುತ್ತದೆ. ಡಬ್ಬಿಯಲ್ಲಿ ಒಂದಕ್ಕೊಂದು ಬಡಿದು ಅಂಚು ನೆಗ್ಗಿದ್ದು ಕುಂಟುತ್ತದೆ. ಕುಂಟಿದವನ್ನೆಲ್ಲ ಬೇರೆ ಇಟ್ಟೆ. ಆಮೇಲೆ ಎಲ್ಲರೂ ಸೋಪು ಹಚ್ಚಿ ಕೈ ತೊಳೆದುಕೊಂಡೆವು, ಸೀಸ ಅದು. ತೊಳೆಯುವಾಗ ವೈನಿ ತಮ್ಮ ಕೈಯನ್ನು ನೋಡಿಕೊಳ್ಳುತ್ತಿದ್ದರು. ಇದು ನಾನು ಆಮೇಲೆ ಸೇರಿಸಿದ್ದೋ ಏನೋ.

ಕಲಬುರಗಿ ಅಂಚಿನ ಕಪನೂರದಲ್ಲಿ ಅಣ್ಣನ ಗೆಳೆಯನೊಬ್ಬನ ವರ್ಕ್‌ಶಾಪ್ ಇದೆ. ಬೇಳೆ ಮಿಲ್ಲುಗಳಿಗೆ ತಗಡಿನ ಜರಡಿ ಮಾಡಿಕೊಡುವುದು ಅವನ ಕೆಲಸ. ಸಂಜೆ ಅವನೂ ರೇಂಜಿಗೆ ಬರುತ್ತಿದ್ದ, ಅಣ್ಣನ ಪಕ್ಕದಲ್ಲೇ ನಿಂತು ಹೊಡೆಯುತ್ತಿದ್ದ. ಗುಂಡಿಗೆ ಅವನು ಛರ್ರಾ ಎನ್ನುತ್ತಾನೆ. ಭಾನುವಾರ ಬರಲು ಹೇಳಿದ. ವೈನಿ ಬರುತ್ತಾರೆಂದು ನಾನು ಹೇಳಿರಲಿಲ್ಲ. ಅವರನ್ನು ಕಂಡೊಡನೆ ಅವನು ಬೀಡಿ ಆರಿಸಿ, ಇದ್ದ ಒಂದೇ ಕುರ್ಚಿಯನ್ನು ಬಟ್ಟೆಯಿಂದ ಒರೆಸಿ ಮುಂದೆ ತಳ್ಳಿದ.

"ಬರ್ರಿ ಭಾಭಿ, ಕೂಡ್ರಿ. ಏನ್ ಪರೀಕ್ಷಾ ಮಾಡೂದದ ಇದರಾಗ? ಆ ಪಿಸ್ತೂಲಿನಿಂದ ನಿಮ್ಮ ಯಜಮಾನರು ನನ್ನ ಕಡೆ ಎಷ್ಟು ಸರ್ತಿ ಸೋತಾರ ಅಂದ್ರ..."

"ಅವ್ರು ಹಂಗ ಹೇಳ್ತಿದ್ದಿಲ್ಲ," ಎಂದರು ವೈನಿ.

"ಹೇಳ್ತಿದ್ದಿಲ್ಲ, ಖರೆ. ಈಗ ನಾ ಹೇಳಿದ್ದೇ ಖರೆ ಆಗ್ತದ, ಇಲ್ಲ ಅನ್ಲಿಕ್ಕೆ ಅವ್ರು ಬರೂದಿಲ್ಲಲ್ಲ."

ಹೇಳಿದ ಮೇಲೆ ಅವನಿಗೇ ಆ ಮಾತು ಕೇಳಿಸಿತು. ಬೆಂಚಿನ ಮೇಲಿದ್ದ ತಗಡಿನ ಚೂರುಗಳನ್ನು ಕೈಯಿಂದ ಬಳಿದು ಹಾಕತೊಡಗಿದ. ವೈನಿ ಮಾತ್ರ ನಕ್ಕರು. ಬಹಳ ದಿನಗಳ ಮೇಲೆ ಅವರು ನಕ್ಕದ್ದು ಅಂದೇ ಎಂದು ಬರೆದರೆ ಚೆನ್ನಾಗಿರುತ್ತದೆ. ಅದು ನನಗೆ ಗೊತ್ತಿಲ್ಲ.

ಮೊದಲು ಪಿಸ್ತೂಲಿನ ಮರದ ಹಿಡಿಯನ್ನು ಬಿಚ್ಚಬೇಕಿತ್ತು. ಈ ಹಿಡಿಗಳನ್ನು ಹೊಡೆಯುವವರು ತಮ್ಮ ಕೈಗೆ ತಕ್ಕಂತೆ ಉಜ್ಜಿ, ಎಲ್ಲಿ ಸಡಿಲವಿದೆಯೋ ಅಲ್ಲಿ ಲಪ್ಪ ಎನ್ನುವ ಪುಟ್ಟಿ ಮೆತ್ತಿ ಸರಿ ಮಾಡಿಕೊಳ್ಳುತ್ತಾರೆ. ಅಣ್ಣ ಇಡೀ ಒಂದು ಬೇಸಿಗೆ ಅದನ್ನೇ ಮಾಡಿದ್ದ. ಅವನ ಬೆರಳುಗಳು ಕೂರುವ ತಗ್ಗು, ಹೆಬ್ಬೆರಳಿನ ಬುಡದ ಉಬ್ಬಿಗೆ ಒಂದು ಹಳ್ಳ. ಸ್ಕ್ರೂ ತೆಗೆದೊಡನೆ ಹಿಡಿ ನನ್ನ ಅಂಗೈಗೆ ಬಂತು. ಅದರೊಳಗೆ ನನ್ನ ಕೈ ಇಡಲು ನೋಡಿದೆ. ಎಲ್ಲೂ ಕೂರಲಿಲ್ಲ. ಒಂದು ಕೈ ಮತ್ತೊಂದು ಕೈಯಿಂದ ಬಿಡಿಸಿಕೊಂಡಂತಾಯಿತು. ವೈನಿ ಅದನ್ನು ನನ್ನಿಂದ ತೆಗೆದುಕೊಂಡು, ಪೆಟ್ಟಿಗೆಯೊಳಗಿಟ್ಟು ಮುಚ್ಚಿದರು.

ವೈಸಿನ ದವಡೆಗಳಿಗೆ ಹಳೆಯ ಸೈಕಲ್ ಟ್ಯೂಬು ಸುತ್ತಿ, ಪಿಸ್ತೂಲಿನ ಕಬ್ಬಿಣದ ಮೈಯನ್ನು ನಡುವೆ ಹಿಡಿಸಿದೆವು. ಟೇಪಿನಿಂದ ಅಳೆದು ಹತ್ತು ಮೀಟರ್ ಆಚೆ ಮರಳಿನ ಚೀಲಗಳ ಮುಂದೆ ಕಾರ್ಡು ನಿಲ್ಲಿಸಿದೆವು. ಗೆಳೆಯ ಪಂಪಿನಿಂದ ಗಾಳಿ ತುಂಬಿದ. ಎಲ್ಲವೂ ಸಿದ್ಧವಾದಾಗ ನೆಲ ಅದುರುತ್ತಿರುವುದು ಗೊತ್ತಾಯಿತು. ಪಕ್ಕದ ಬೇಳೆ ಮಿಲ್ಲು ಭಾನುವಾರವೂ ನಡೆಯುತ್ತಿತ್ತು.

"ಕರೆಂಟ್ ಹೋಗ್ಲಿ, ಆಮ್ಯಾಲ ಹೊಡಿಯಾಣ," ಎಂದ ಗೆಳೆಯ. "ಕರೆಂಟ್ ಹೋಗ್ಲಿ ಅಂತ ಕಾಯೋರು ಇಡೀ ಕಪನೂರದಾಗ ನಾವ ಇರಬೇಕು."

ಚಹಾ ತರಿಸಿದ. ಕುಡಿದೆವು. ಮಧ್ಯಾಹ್ನದ ಹೊತ್ತಿಗೆ ಕರೆಂಟ್ ಹೋಯಿತು. ಮಿಲ್ಲಿನ ಸದ್ದು ಒಮ್ಮೆಲೆ ನಿಂತಾಗ ಕಿವಿಯಲ್ಲಿ ಜಾಗ ಖಾಲಿಯಾದಂತಾಯಿತು. ಅರ್ಧ ಎತ್ತಿದ ಶಟರಿನಿಂದ ಬಂದ ಬಿಸಿಲು ಕಾರ್ಡಿನ ಮೇಲೆ ಬೀಳುತ್ತಿತ್ತು.

ಮೊದಲು ದುಂಡು ತಲೆಯವು. ಒಂದೊಂದೇ ತುಂಬಿ, ಪಿಸ್ತೂಲಿನ ಮೈ ಅಲುಗದ ಹಾಗೆ ಒಂದೇ ಬೆರಳಿನಿಂದ ಟ್ರಿಗರ್ ಒತ್ತಿದೆ. ಐದು ಹೊಡೆದ ಮೇಲೆ ಗೆಳೆಯ ಕಾರ್ಡು ಬಿಚ್ಚಿ ತಂದ. ತೂತುಗಳು ಬೇರೆ ಬೇರೆಯಾಗಿ, ಹರಕು ಅಂಚಿನಿಂದ, ಒಂದು ಬೆರಳಗಲದಲ್ಲಿ ಹರಡಿದ್ದವು.

"ಚದುರ್ಯಾವ," ವೈನಿ ಎದ್ದು ನಿಂತರು. "ಚದುರ್ಯಾವಲ್ಲ?"

"ಚದುರ್ಯಾವ ಭಾಭಿ," ಗೆಳೆಯ ಕಾರ್ಡನ್ನು ಅವರಿಗೆ ಕೊಡದೆ ತಾನೇ ಹಿಡಿದುಕೊಂಡ. "ಆದ್ರ ಇವನ್ನ ಪಂದ್ಯದಾಗ ಯಾರೂ ಹೊಡಿಯೂದಿಲ್ಲ. ದುಂಡ ತಲಿ ಕಾಗದ ಹರೀತದ, ತೂತ ಸರಿ ಕಾಣೂದಿಲ್ಲ. ಇವನ್ನ ಅವ್ರು ನಿಮ್ಮ ತವರಮನಿಗೆ ಹೋದಾಗ ಹಿತ್ತಲದಾಗ ಡಬ್ಬಿಗೆ ಹೊಡೀಲಿಕ್ಕೆ ಒಯ್ತಿದ್ರು."

ಅದು ನಿಜ. ಕಮಲಾಪುರದ ಹಿತ್ತಲಿನಲ್ಲಿ ಅಣ್ಣ ಎಣ್ಣೆಯ ಡಬ್ಬಿಗೆ ಹೊಡೆಯುವ ಠಣ್ ಸದ್ದು ನನಗೂ ಗೊತ್ತು. ವೈನಿ ಮತ್ತೆ ಕೂತರು. ಈಗ ಉಳಿದದ್ದು ಎರಡು ಬಗೆ. ಗೀರಿದ್ದದ್ದೇ ಹೊಸ ಡಬ್ಬಿಯದು ಎಂದು ಗೆಳೆಯ ಹೇಳಿದ; ನುಣ್ಣಗಿದ್ದದ್ದು ಎಂದು ನನಗನಿಸಿತ್ತು. ಯಾರ ನೆನಪನ್ನೂ ನಂಬಬೇಕಿರಲಿಲ್ಲ. ಅಣ್ಣ ದೂರಿದ್ದು ಈ ಎರಡರಲ್ಲಿ ಒಂದನ್ನು. ಎರಡರಲ್ಲಿ ಒಂದು ಚದುರಿದರೆ ಸಾಕಿತ್ತು.

ನುಣ್ಣಗಿದ್ದವನ್ನು ಹೊಡೆದೆ. ಗೆಳೆಯ ಕಾರ್ಡು ತಂದ. ಒಂದೇ ತೂತು. ಐದು ಗುಂಡು ಒಂದರ ಹಿಂದೊಂದು ಹೋಗಿ ಅಂಚನ್ನು ಸ್ವಲ್ಪ ಅಗಲಿಸಿದ್ದವು, ಅಷ್ಟೇ.

ಗೀರಿದ್ದವನ್ನು ಹೊಡೆಯುವಾಗ ನಾನು ಏನು ಬಯಸುತ್ತಿದ್ದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಟ್ರಿಗರಿಗೆ ಬೆರಳು ಇಡುವ ಮುಂಚೆ ಪ್ರತಿ ಸಲ, ಹೊರಗೆ ಹೋಗು, ಹೊರಗೆ ಹೋಗು ಎಂದುಕೊಂಡೆ. ಗುರಿ ತಪ್ಪಲಿ ಎಂದು ಇಷ್ಟು ಎಚ್ಚರಿಕೆಯಿಂದ ಯಾರೂ ಹೊಡೆದಿರಲಿಕ್ಕಿಲ್ಲ. ಗೆಳೆಯ ಈ ಸಲ ಕಾರ್ಡಿನ ಹತ್ತಿರವೇ ಸ್ವಲ್ಪ ಹೊತ್ತು ನಿಂತ. ತಿರುಗಿ ಬಂದು ಕಾರ್ಡನ್ನು ಬೆಂಚಿನ ಮೇಲಿಟ್ಟ. ಮತ್ತೆ ಒಂದೇ ತೂತು. ಇದು ಮೊದಲಿನದಕ್ಕಿಂತ ಚಿಕ್ಕದು.

ಹೊರಗೆ ಒಂದು ಆಟೋ ಹಾಡು ಹಾಕಿಕೊಂಡು ಹೋಯಿತು.

"ಇನ್ನೊಮ್ಮೆ ಹೊಡೀರಿ," ಎಂದರು ವೈನಿ.

ಹೊಡೆದೆ. ಅದೇ ತೂತು.

"ಇನ್ನೊಮ್ಮೆ."

ಪ್ರತಿ ಗುಂಡೂ ಅದೇ ತೂತಿನಲ್ಲಿ, ಕಾಗದಕ್ಕೆ ಸದ್ದಿಲ್ಲದೆ, ಹಿಂದಿನ ಮರಳಿಗೆ ಮಾತ್ರ ಥಪ್ಪೆಂದು ಬೀಳುತ್ತಿತ್ತು. ಆ ಪಿಸ್ತೂಲಿಗೆ ತಪ್ಪು ಹೊಡೆಯಲು ಬರುತ್ತಿರಲಿಲ್ಲ. ಹೊಗಳಬೇಕಾದ ಯಂತ್ರವದು. ನನಗೆ ಅದರ ಮೇಲೆ ಸಿಟ್ಟು ಬಂತು, ಮನುಷ್ಯರ ಮೇಲೆ ಬರುವಂಥದ್ದೇ.

ಆಗ ವೈನಿ ಎದ್ದು ಬಂದು, ನಾನು ಬೇರೆಯಾಗಿಟ್ಟಿದ್ದ ಕುಂಟು ಗುಂಡುಗಳ ಪೊಟ್ಟಣ ಬಿಚ್ಚಿದರು.

"ಇವು?"

"ಇವು ಡಬ್ಬಿಯೊಳಗ ನೆಗ್ಗ್ಯಾವ್ರಿ."

"ಅಂಗಡಿಯಿಂದ ತಂದಾಗೂ ನೆಗ್ಗಿರಬಹುದಲ್ಲ. ತುಂಬ್ರಿ."

ತುಂಬಿದೆ. ನೆಗ್ಗಿದ್ದೂ ಅದೇ ತೂತಿನ ಅಂಚಿಗೆ ಹೋಯಿತು. ಸೀಸ ಮೆತ್ತಗಿರುತ್ತದೆ, ಒಳಗಿನ ಗಾಳಿಯ ಒತ್ತಡಕ್ಕೆ ಅಂಚು ಮತ್ತೆ ಬಿಚ್ಚಿಕೊಳ್ಳುತ್ತದೆ ಎಂದು ಗೆಳೆಯ ಹೇಳಿದ. ವೈನಿ ಒಂದು ಗುಂಡನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿದು ಒತ್ತಿದರು. ಅದೂ ಅಲ್ಲೇ ಹೋಯಿತು. ಇನ್ನೊಂದನ್ನು ಬೆಂಚಿನ ಮೇಲಿಟ್ಟು ಇಕ್ಕಳದ ತುದಿಯಿಂದ ಅಮುಕಿದರು. ಅದು ಗುಂಡಿನ ಆಕಾರವನ್ನೇ ಕಳೆದುಕೊಂಡಿತು; ನಳಿಗೆಯೊಳಗೆ ಹೋಗಲು ನಾನು ಅದನ್ನು ಬೆರಳಿನಿಂದ ದೂಡಬೇಕಾಯಿತು.

ಟ್ರಿಗರ್ ಒತ್ತಿದೆ.

ಕಾರ್ಡಿನ ಮೇಲೆ ಹೊಸ ತೂತು ಕಂಡಿತು. ಕುರ್ಚಿಯ ಹತ್ತಿರ ನಿಂತವರಿಗೂ ಕಾಣುವಷ್ಟು ದೂರ, ಕಪ್ಪು ವೃತ್ತದ ಹೊರಗೆ. ವೈನಿ ತಾವೇ ನಡೆದು ಹೋಗಿ ಕಾರ್ಡು ಬಿಚ್ಚಿದರು. ಆ ಒಂಟಿ ತೂತಿನ ಮೇಲೆ ಬೆರಳಿಟ್ಟು ನಿಂತರು. ಅದು ಮೇಲೆ ಬಲಕ್ಕಿತ್ತು. ನನ್ನ ನೆನಪಿನ ಜಾಗದಲ್ಲಿ ಇರಲಿಲ್ಲ. ಬೇಕಿದ್ದದ್ದು ಸಿಕ್ಕಿತು, ಇಷ್ಟಕ್ಕೇ ನಿಲ್ಲಿಸಿ ಮನೆಗೆ ಹೋಗೋಣ ಎಂದು ನಾನು ಹೇಳಬೇಕೆಂದಿದ್ದೆ.

ವೈನಿ ನಮ್ಮ ಕಡೆ ತಿರುಗಿದರು.

"ಇಷ್ಟು ಕೆಟ್ಟದ್ದನ್ನ ಅವ್ರು ತುಂಬತಿದ್ದಿಲ್ಲ," ಎಂದರು. ದನಿ ಮಾಮೂಲಿಯಾಗಿತ್ತು, ಪಾಠ ಹೇಳುವವರ ದನಿ. "ಒಂದೊಂದು ಛಲೋತ್ನಾಗ ನೋಡಿ ತುಂಬತಿದ್ರು. ಹೌದಲ್ರಿ?"

ಗೆಳೆಯ ನನ್ನ ಮುಖ ನೋಡಿದ.

"ಹೌದು ಭಾಭಿ," ಎಂದ.

"ಹಂಗಾರ ಕೈನ."

ಅವನು ವೈಸಿನ ಹಿಡಿಕೆ ತಿರುಗಿಸಿ ಪಿಸ್ತೂಲನ್ನು ಸಡಿಲ ಮಾಡತೊಡಗಿದ. ಅಷ್ಟರಲ್ಲಿ ವೈನಿ ಬೆಂಚಿನ ಪಕ್ಕ, ಹೊಡೆಯುವವರು ನಿಲ್ಲುವ ಹಾಗೆ ಒಂದು ಮಗ್ಗುಲಾಗಿ ನಿಂತರು. ಅಣ್ಣ ನಿಲ್ಲುವುದನ್ನು ಅವರು ಎಷ್ಟೋ ಸಲ ನೋಡಿರಬೇಕು. ಬರಿಗೈಯನ್ನು ಕಾರ್ಡಿದ್ದ ಜಾಗದ ಕಡೆ ಚಾಚಿ, ತೋರುಬೆರಳು ಮುಂದೆ ಮಾಡಿದರು. ಸೀರೆಯ ಸೆರಗು ತೋಳಿನಿಂದ ಜಾರಿತು. ಸರಿ ಮಾಡಿಕೊಳ್ಳಲಿಲ್ಲ.

"ಇದು ನಡಗಾಕತ್ತದಲ್ಲ?" ಎಂದು ಕೇಳಿದರು.

ಬೆರಳ ತುದಿ ಸಣ್ಣಗೆ, ಒಂದು ಕಾಳಿನಷ್ಟು ಜಾಗದೊಳಗೆ ಸುತ್ತುತ್ತಿತ್ತು.

"ಎಲ್ಲಾರದೂ ನಡಗ್ತದ ಭಾಭಿ," ಎಂದ ಗೆಳೆಯ. ಅವನಿಗೆ ಗೊತ್ತಿದ್ದ ವಿಷಯ ಸಿಕ್ಕಿದ್ದರಿಂದ ಮಾತು ಸಲೀಸಾಗಿ ಬಂತು. "ಯಾರ ಕೈನೂ ನಿಂದ್ರೂದಿಲ್ಲ. ಮೊದಲನೇ ದಿನಾನೇ ಇದನ್ನ ಹೇಳ್ಕೊಡ್ತಾರ. ನಿಂದರಸಬೇಕು ಅಂತ ಹೋದ್ರ ಇನ್ನೂ ಹೆಚ್ಚಾಗ್ತದ. ಆ ನಡುಕದಾಗ ಹೊಡೀಬೇಕು, ಅಷ್ಟ."

"ಅವ್ರದೂ?"

"ಅವ್ರದೂ. ಛಲೋ ಇದ್ದಾಗಿಂದೂ."

"ಅದನ್ನ ನಾ ನೋಡೀನಿ," ಎಂದರು ವೈನಿ. ಕೈ ಕೆಳಗಿಳಿಸಲಿಲ್ಲ. "ಮನ್ಯಾಗ ಗ್ವಾಡಿ ಮುಂದ ನಿಂತು ಪ್ರಾಕ್ಟೀಸ್ ಮಾಡ್ತಿದ್ರಲ್ಲ. ಕೈ ಯಾಕ ನಡಗ್ತದ್ರಿ ಅಂದ್ರ ಎಲ್ಲಾರದೂ ನಡಗ್ತದ ಅಂತಿದ್ರು, ನೀವ್ ಹೇಳಿದಂಗ. ಈ ನಡುಕ ಬ್ಯಾರೆ, ಆ ನಡುಕ ಬ್ಯಾರೆ ಅಂತ ನನಗ ಹ್ಯಾಂಗ ಗೊತ್ತಾಗಬೇಕಿತ್ತು?"

ಗೆಳೆಯ ವೈಸಿನ ಹಿಡಿಕೆಯಿಂದ ಕೈ ತೆಗೆದ. ನಾನು ಏನೋ ಉತ್ತರ ಕೊಟ್ಟೆ ಎಂದು ಹಿಂದೊಮ್ಮೆ ಬರೆದು ಹೊಡೆದುಹಾಕಿದ್ದೇನೆ. ಆ ಉತ್ತರ ಚೆನ್ನಾಗಿತ್ತು. ಆ ದಿನ ನನ್ನ ಬಳಿ ಅದು ಇರಲಿಲ್ಲ.

ನಡೆದದ್ದು ಇಷ್ಟು. ಗೆಳೆಯ ವೈನಿಯ ಪಕ್ಕ ಬಂದು, ಅವರ ಹಾಗೆಯೇ ಮಗ್ಗುಲಾಗಿ ನಿಂತು, ಬಲಗೈ ಚಾಚಿದ. ಅವನು ಯಾಕೆ ಹಾಗೆ ಮಾಡಿದ ಎಂದು ನಾನು ಕೇಳಿಲ್ಲ. ನಾನೂ ಹೋಗಿ ಅವನ ಪಕ್ಕ ನಿಂತು ಕೈ ಚಾಚಿದೆ. ವೈನಿ ತಮ್ಮ ಬೆರಳನ್ನು ಬಿಟ್ಟು ನಮ್ಮಿಬ್ಬರ ಬೆರಳ ತುದಿಗಳನ್ನು ಒಂದಾದ ಮೇಲೊಂದು ನೋಡಿದರು. ಕತ್ತು ಸ್ವಲ್ಪ ಮುಂದೆ ಚಾಚಿ, ಕಣ್ಣು ಕಿರಿದು ಮಾಡಿ, ಮತ್ತೆ ಮೊದಲಿನಿಂದ ನೋಡಿದರು. ನಮ್ಮ ತೋಳು ಸೋಲುವ ತನಕವೂ ಅವರು ನೋಡುತ್ತಲೇ ಇದ್ದರು.